ಮಲೇರಿಯಾ: ಶೀಘ್ರ ರಕ್ತಪರೀಕ್ಷೆಯನ್ನು ಎಷ್ಟು ನಂಬಬಹುದು?

ನಾಟಿಯ ದಿನಗಳಲ್ಲಿ ಮನೆಯ ದುಡಿಯುವ ಆಳೊಬ್ಬರು ಚಳಿಜ್ವರದಿಂದ ಮಲಗಿದರೆ ಬೇಸಾಯವೇ ಹಿಂದೆ ಬೀಳುತ್ತದೆ. ಅನಾಫಿಲಿಸ್ ಜಾತಿಯ ಹೆಣ್ಣು ಸೊಳ್ಳೆಗಳು ಹರಡುವ ಮಲೇರಿಯಾದಲ್ಲಿ ಫಾಲ್ಸಿಪೇರಮ್ ಮತ್ತು ವೈವಾಕ್ಸ್ ಎಂಬ ಎರಡು ಬಗೆಗಳು ನಮ್ಮ ದೇಶದಲ್ಲಿ ಮುಖ್ಯವಾದವು. ಮೊದಲನೆಯದು ಮಿದುಳಿಗೆ ತಗುಲಿ ಪ್ರಾಣಾಪಾಯ ಉಂಟುಮಾಡಬಲ್ಲದು. ಎರಡಕ್ಕೂ ಔಷಧೋಪಚಾರ ಬೇರೆ ಬೇರೆ. ಆದುದರಿಂದ ರಕ್ತಪರೀಕ್ಷೆ ಮಾಡಿಸದೆ ಗುಳಿಗೆ ನುಂಗುವುದು ಸರಿಯಲ್ಲ.

ಪರೀಕ್ಷೆಯ ವಿಧಾನ

ರಕ್ತವನ್ನು ಗಾಜಿನ ಪಟ್ಟಿಗೆ ಲೇಪಿಸಿ, ಬಣ್ಣ ಹಾಕಿ, ಸೂಕ್ಷ್ಮದರ್ಶಕದಲ್ಲಿ ನೋಡುವುದು ಹಳೆಯ ಹಾಗೂ ಇಂದಿಗೂ ಬಳಕೆಯಲ್ಲಿರುವ ಕ್ರಮ. ಇದಕ್ಕೆ ಪಳಗಿದ ಕಣ್ಣು ಬೇಕು. ಆ ಸೌಕರ್ಯ ಹತ್ತಿರವಿಲ್ಲದ ಕಡೆ ಶೀಘ್ರ ಪರೀಕ್ಷೆಯ ಕಾರ್ಡು ನೆರವಾಗುತ್ತದೆ. ಬೆರಳಿನಿಂದ ತೆಗೆದ ಒಂದು ಹನಿ ರಕ್ತವನ್ನೂ ದ್ರಾವಣವನ್ನೂ ಹಾಕಿದರೆ ಸುಮಾರು 15ರಿಂದ 20 ನಿಮಿಷಗಳಲ್ಲಿ ಗೆರೆಗಳು ಮೂಡುತ್ತವೆ. ಕಾರ್ಡು ರೋಗಾಣುವನ್ನು ನೇರವಾಗಿ ತೋರಿಸುವುದಿಲ್ಲ. ಅದು ರಕ್ತಕ್ಕೆ ಬಿಡುವ ಪ್ರೋಟೀನನ್ನು ಪತ್ತೆ ಮಾಡುತ್ತದೆ. ನಿಯಂತ್ರಣ ಗೆರೆ ಮೂಡದಿದ್ದರೆ ಆ ಪರೀಕ್ಷೆ ಲೆಕ್ಕಕ್ಕಿಲ್ಲ. ಹೊಸ ಕಾರ್ಡಿನಲ್ಲಿ ಮತ್ತೆ ಮಾಡಬೇಕು.

ಕಾರ್ಡನ್ನು ಒರೆಗೆ ಹಚ್ಚುವುದು

ಬಿತ್ತನೆಗೆ ಮುಂಚೆ ನೂರು ಕಾಳು ಎಣಿಸಿ ಮೊಳಕೆ ಪರೀಕ್ಷೆ ಮಾಡುವುದು ರೈತರಿಗೆ ತಿಳಿದದ್ದೇ. ಕಾರ್ಡಿಗೂ ಅಂಥ ಪರೀಕ್ಷೆಯುಂಟು. ಇಲ್ಲಿ ಎರಡು ಪ್ರಶ್ನೆ ಕೇಳಬೇಕು. ರೋಗವಿರುವ ನೂರು ಮಂದಿಯಲ್ಲಿ ಎಷ್ಟು ಜನರನ್ನು ಹಿಡಿಯಿತು? ರೋಗವಿಲ್ಲದ ನೂರು ಮಂದಿಯಲ್ಲಿ ಎಷ್ಟು ಜನರಿಗೆ ತಪ್ಪಾಗಿ ರೋಗವೆಂದಿತು?

ವಿಶ್ವ ಆರೋಗ್ಯ ಸಂಸ್ಥೆಯು 2008ರಿಂದ ಇಂಥ ಕಾರ್ಡುಗಳನ್ನು ಪ್ರಯೋಗಾಲಯದಲ್ಲಿ ಹೋಲಿಸಿ ನೋಡುವ ಕಾರ್ಯಕ್ರಮ ಕೈಗೊಂಡಿತು. ಒಂದು ಘನ ಮಿಲಿಮೀಟರ್ ರಕ್ತದಲ್ಲಿ ಕೇವಲ 200 ರೋಗಾಣುಗಳಿರುವ ಮಾದರಿಗಳಲ್ಲಿ ಶೇಕಡ 75ನ್ನಾದರೂ ಪತ್ತೆ ಮಾಡಬೇಕು, ಸುಳ್ಳು ಗೆರೆ ಶೇಕಡ 10ಕ್ಕಿಂತ ಕಡಿಮೆ ಇರಬೇಕು ಎಂಬುದು ಅದರ ಅಳತೆಗೋಲು.

ಉದಾಹರಣೆಗೆ, ಒಂದು ಕಾರ್ಡು ರೋಗವಿರುವ 100 ಮಂದಿಯಲ್ಲಿ 95 ಜನರನ್ನು ಹಿಡಿಯುತ್ತದೆ, ರೋಗವಿಲ್ಲದ 100ರಲ್ಲಿ 5 ಜನರಿಗೆ ತಪ್ಪು ಹೇಳುತ್ತದೆ ಎಂದಿಟ್ಟುಕೊಳ್ಳಿ. ಜ್ವರ ಬಂದ 1,000 ಜನರಲ್ಲಿ 100 ಮಂದಿಗೆ ಮಲೇರಿಯಾ ಇದ್ದರೆ, ಗೆರೆ ಮೂಡುವುದು 140 ಜನರಿಗೆ; ಅವರಲ್ಲಿ 95 ಮಂದಿ ನಿಜವಾದ ರೋಗಿಗಳು. ಅದೇ 1,000ದಲ್ಲಿ 10 ಮಂದಿಗೆ ಮಾತ್ರ ರೋಗವಿದ್ದರೆ, ಗೆರೆ ಮೂಡುವ ಸುಮಾರು 60 ಜನರಲ್ಲಿ ನಿಜವಾದ ರೋಗಿಗಳು ಹತ್ತಕ್ಕೆ ಮೀರರು. ಕಾರ್ಡು ಅದೇ, ಊರಿನ ಸ್ಥಿತಿ ಬೇರೆ. ರೋಗ ಇಳಿಮುಖವಾದಂತೆ ಗೆರೆಯ ಬೆಲೆಯೂ ಬದಲಾಗುವುದು ಹೀಗೆ.

ಮಿತಿಗಳು

ಫಾಲ್ಸಿಪೇರಮ್‌ನ ಒಂದು ಪ್ರೋಟೀನು ರೋಗ ವಾಸಿಯಾದ ಮೇಲೂ ಕೆಲವು ವಾರ ರಕ್ತದಲ್ಲಿ ಉಳಿಯುತ್ತದೆ. ಹಾಗಾಗಿ ಔಷಧಿ ಮುಗಿದ ಮೇಲೆ ಗುಣವಾಗಿದೆಯೇ ಎಂದು ತಿಳಿಯಲು ಅದನ್ನು ಹುಡುಕುವ ಕಾರ್ಡು ತಕ್ಕುದಲ್ಲ. ಇನ್ನು ಕೆಲವು ರೋಗಾಣುಗಳು ಈ ಪ್ರೋಟೀನನ್ನು ತಯಾರಿಸುವುದೇ ಇಲ್ಲ. ಪೆರು ದೇಶದ ಇಂಥ ರೋಗಾಣುಗಳ ವಿಷಯ 2010ರಲ್ಲಿ ಪ್ರಕಟವಾಯಿತು. ಎರಿಟ್ರಿಯಾದಲ್ಲಿ ಇವು ಹೆಚ್ಚಿದ್ದರಿಂದ 2016ರಲ್ಲಿ ಕಾರ್ಡಿನ ಬಗೆಯನ್ನೇ ಬದಲಿಸಬೇಕಾಯಿತು. ಬಿಸಿಲು ಮತ್ತು ತೇವ ತಗುಲಿದರೂ ಕಾರ್ಡು ಕೆಡುತ್ತದೆ.

ಗಮನಿಸಬೇಕಾದ ಅಂಶಗಳು

1. ಜ್ವರ ಬಂದ ದಿನವೇ ಆಶಾ ಕಾರ್ಯಕರ್ತೆಯನ್ನಾಗಲಿ ಪ್ರಾಥಮಿಕ ಆರೋಗ್ಯ ಕೇಂದ್ರವನ್ನಾಗಲಿ ಕಾಣಿರಿ.
2. ಕಾರ್ಡಿನ ಅವಧಿ ಮುಗಿದಿಲ್ಲವೆಂದೂ ಪೊಟ್ಟಣ ಹರಿದಿಲ್ಲವೆಂದೂ ನೋಡಿಕೊಳ್ಳಿರಿ.
3. ಹೇಳಿದ ಹೊತ್ತಿಗೇ ಫಲಿತಾಂಶ ಓದಿಸಿರಿ. ಮಸುಕಾದ ಗೆರೆಯೂ ಗೆರೆಯೇ.
4. ಗೆರೆ ಮೂಡದೆ ಜ್ವರ ಮುಂದುವರಿದರೆ ಸುಮ್ಮನಿರಬೇಡಿರಿ. ರಕ್ತಲೇಪನ ಪರೀಕ್ಷೆ ಮಾಡಿಸಿರಿ.
5. ಮಲೇರಿಯಾ ಖಚಿತವಾದರೆ, ಜ್ವರ ಬಿಟ್ಟರೂ ವೈದ್ಯರು ಹೇಳಿದಷ್ಟು ದಿನ ಔಷಧಿ ಮುಗಿಸಿರಿ.

ಕಾರ್ಡು ಒಳ್ಳೆಯ ಸಾಧನ. ಆದರೆ ರೋಗಿಯ ಸ್ಥಿತಿಯನ್ನು ನೋಡಿ ನಿರ್ಧರಿಸಬೇಕಾದವರು ವೈದ್ಯರು.