ಬಸವಣ್ಣನ ಪಟಕ್ಕೆ ಬೆಳಕು ಎಷ್ಟು ಓರೆ?

ಬಸವಕಲ್ಯಾಣದಲ್ಲಿ ಹೊಸ ಮನೆ ಕಟ್ಟಿಸುವವರು ಈಗ ಪಿಒಪಿ ಸೀಲಿಂಗ್ ಬಿಟ್ಟು ಮಾತಾಡುವುದೇ ಕಡಿಮೆ. ಕೋಟೆ ದಾಟಿ ಹೊಸ ಬಡಾವಣೆಯ ಕಡೆ ಬಂದರೆ ಗೃಹಪ್ರವೇಶಕ್ಕೆ ಕಾದಿರುವ ಮನೆಗಳು ಸಿಗುತ್ತವೆ. ನಾನು ಹೊಕ್ಕ ಮನೆಯ ಪಡಸಾಲೆಯಲ್ಲಿ ಎಲೆಕ್ಟ್ರಿಷಿಯನ್ ಹುಡುಗ ಏಣಿ ಮೇಲಿದ್ದ. ಡ್ರಿಲ್ಲಿಗೆ ಹಲ್ಲಿನ ದುಂಡು ಕಟರ್ ಸಿಕ್ಕಿಸಿ ತೂತು ಹೊಡೆಯುವುದರಲ್ಲಿದ್ದ. ಕೆಳಗಿಂದ ಯಜಮಾನರು ಕೂಗಿದರು: "ತಡೀಪಾ, ಬಸವಣ್ಣನ ಫೋಟೋ ಎಲ್ಲಿ ಬರ್ತದ ಮೊದಲ ನೋಡು."

ಸರಿಯಾದ ಮಾತು. ಬಹಳಷ್ಟು ಮನೆಗಳಲ್ಲಿ ಇದನ್ನು ಹೇಳುವವರಿಲ್ಲ. ಮೂಲೆಗೊಂದು, ನಡುವೆ ಎರಡು ಅಂತ ಸಾಲಾಗಿ ಕನ್ಸೀಲ್ಡ್ ಲೈಟ್ ಕೂರಿಸುತ್ತಾರೆ. ಅವು ಬರೀ ನೆಲದ ಟೈಲ್ಸ್ ಬೆಳಗುತ್ತವೆ. ಕತ್ತು ತಿರುಗುವ ಸಿಒಬಿ ಸ್ಪಾಟ್‌ಲೈಟನ್ನೂ ಹೀಗೇ ಹಾಕಿಸಿದರೆ ದುಡ್ಡು ದಂಡ. ಲೈಟ್ ಎಷ್ಟು ತಿರುಗಿದರೂ ತೂತಿನ ಜಾಗ ತಪ್ಪಿದ್ದರೆ ಬೆಳಕು ಬೀಳಬೇಕಾದಲ್ಲಿ ಬೀಳುವುದಿಲ್ಲ.

ಹುಡುಗ ಇಳಿದು ಟೇಪು ಹಿಡಿದ. ಸೀಲಿಂಗ್ ನೆಲದಿಂದ ಒಂಬತ್ತೂವರೆ ಅಡಿ, ಪಟದ ನಡು ಐದೂವರೆ ಅಡಿ. ಅಂತರ 4 ಅಡಿ. ಮೇಲಿನಿಂದ ನೆಟ್ಟಗೆ ಇಳಿಯುವ ಗೆರೆಗೆ 30 ಡಿಗ್ರಿ ಓರೆಯಲ್ಲಿ ಬೆಳಕು ಬಂದರೆ ಪಟದ ಗಾಜು ಕಣ್ಣಿಗೆ ಹೊಡೆಯದು. ಆ ಲೆಕ್ಕಕ್ಕೆ ತೂತು ಗೋಡೆಯಿಂದ ಸುಮಾರು 28 ಇಂಚು ದೂರ ಬರಬೇಕು. ತೀರ ಹತ್ತಿರವಾದರೆ ಚೌಕಟ್ಟಿನ ನೆರಳು ಬಸವಣ್ಣನ ಹಣೆಯ ಮೇಲೆ. ದೂರವಾದರೆ ಕೈಮುಗಿಯಲು ನಿಂತವರ ತಲೆಯದೇ ನೆರಳು. ಅಷ್ಟು ಎತ್ತರದಿಂದ 24 ಡಿಗ್ರಿ ಬೀಮಿನ ಲೈಟು ಎರಡಡಿ ಅಗಲದ ಬೆಳಕು ಕೊಡುತ್ತದೆ, 36 ಡಿಗ್ರಿಯದು ಮೂರಡಿ. ಒಂದೇ ಪಟಕ್ಕೆ ಮೊದಲನೆಯದು ಸಾಕು. ಬಣ್ಣದಲ್ಲಿ ನನ್ನ ಓಟು 3000 ಕೆಲ್ವಿನ್‌ಗೆ; 6500 ಹಾಕಿದರೆ ದೇವರ ಕೋಣೆಯೂ ಮೆಡಿಕಲ್ ಸ್ಟೋರ್ ಇದ್ದ ಹಾಗೆ.

ಎಂಸಿಬಿ ಇಳಿಸಿ, ಟೆಸ್ಟರ್ ಇಟ್ಟು ನೋಡಿದ ಮೇಲೆಯೇ ಅವನು ತಂತಿಗೆ ಕೈ ಹಾಕಿದ. ಡಬ್ಬಿಯ ಮೇಲೆ ಕಟೌಟ್ 75 ಎಂಎಂ ಅಂತಿತ್ತು. ಕಟರಿನ ಅಳತೆಯನ್ನು ಇನ್ನೊಮ್ಮೆ ನೋಡಿಕೊಂಡ. ತೂತು ದೊಡ್ಡದಾದರೆ ಸ್ಪ್ರಿಂಗ್ ಹಿಡಿಯುವುದಿಲ್ಲ, ಮತ್ತೆ ಪಿಒಪಿಯವರನ್ನೇ ಕರೆಸಬೇಕು. ಒಳಗೆ ಕೈ ಹಾಕಿ ಕಬ್ಬಿಣದ ಚಾನೆಲ್ ಅಡ್ಡ ಇಲ್ಲವೆಂದು ಖಾತ್ರಿ ಮಾಡಿಕೊಂಡು, ಕನೆಕ್ಟರಿನಲ್ಲಿ ತಂತಿ ಬಿಗಿದ. ಬರೀ ಟೇಪು ಸುತ್ತಿ ಮೇಲೆ ತಳ್ಳುವವರೂ ಇದ್ದಾರೆ, ಅಂಥವರಿಗೆ ಕೆಲಸ ಕೊಡಬಾರದು. ಬೀದರ್ ಸೀಮೆಯ ಬೇಸಿಗೆ 40 ಡಿಗ್ರಿ ದಾಟುತ್ತದೆ. ಕಾದ ಸ್ಲ್ಯಾಬಿಗೂ ಸೀಲಿಂಗಿಗೂ ನಡುವೆ ಕೂತ ಡ್ರೈವರ್, ಅಂದರೆ ಲೈಟಿಗೆ ಹದವಾದ ಕರೆಂಟ್ ಕೊಡುವ ಪುಟ್ಟ ಡಬ್ಬಿ, ಬಲ್ಬಿಗಿಂತ ಮೊದಲು ಸಾಯುತ್ತದೆ. ಡ್ರೈವರ್ ಬೇರೆಯಾಗಿ ಬದಲಿಸಬಹುದಾದ ಲೈಟನ್ನೇ ತರುವುದು ಇದಕ್ಕಾಗಿ.

ಬಸವಕಲ್ಯಾಣದ ಹತ್ತಿರದ ಸಸ್ತಾಪುರ ಬಂಗ್ಲಾದಿಂದ 65ನೇ ಹೆದ್ದಾರಿ ಹಿಡಿದು ಹುಮನಾಬಾದಿಗೆ ಬಂದರೆ ಬೇರೆ ಕತೆ. ಹಳೆಯ ಓಣಿಯ ಮಾಳಿಗೆ ಮನೆ. ತೊಲೆ, ಜಂತಿ, ಮೇಲೆ ಮಣ್ಣು. ಹಗಲಿನ ಬೆಳಕು ಬೆಳಕಿಂಡಿಯಿಂದ. ಮನೆಯವರಿಗೆ ಇಲ್ಲೂ ಸೀಲಿಂಗ್ ಹೊಡೆಸಿ ಲೈಟ್ ಹುದುಗಿಸುವ ಆಸೆ. ನಾನು ಬೇಡವೆಂದೆ. ಜಂತಿ ಮುಚ್ಚಿದರೆ ಮಳೆಗಾಲದ ಸೋರಿಕೆ ಕಾಣದು, ಗೆದ್ದಲು ಕಾಣದು, ಇಲಿ ಕಡಿದ ತಂತಿಯಂತೂ ಕಾಣುವುದೇ ಇಲ್ಲ. ತೊಲೆಯ ಪಕ್ಕಕ್ಕೆ ಪೈಪಿನಲ್ಲಿ ತಂತಿ ಎಳೆದು, ಹೊರಗೇ ಕಾಣುವಂಥ ತಿರುಗುವ ಸ್ಪಾಟ್‌ಲೈಟ್ ಹಾಕಿದರೆ ಬೆಳಕು ಅದೇ, ಖರ್ಚೂ ಕಡಿಮೆ.

ಆರ್‌ಸಿಸಿ ಮನೆಯವರು ಮಾತ್ರ ಪಿಒಪಿ ಮಿಸ್ತ್ರಿ ಬರುವ ಮೊದಲೇ ಪಟ, ಟಿವಿ, ಮಂಚ ಎಲ್ಲೆಲ್ಲಿ ಬರುತ್ತವೆಂದು ಗೋಡೆಗೆ ಸೀಮೆಸುಣ್ಣದಲ್ಲಿ ಗೆರೆ ಎಳೆದಿಡಿ.