ಮಾನಿಟರ್ ಮುಂದಿನ ರಾತ್ರಿಗಳು

ಮಕ್ಕಳ ವಾರ್ಡಿಗೆ ಸೇರಿದ ಮೊದಲ ರಾತ್ರಿ ಅಪ್ಪ-ಅಮ್ಮ ನೋಡುತ್ತ ಕೂರುವುದು ಮಗುವಿನ ಮುಖವನ್ನಲ್ಲ, ಮಂಚದ ತಲೆಗಡೆ ಮಿನುಗುವ ಅಂಕಿಯನ್ನು. 94 ಇದ್ದದ್ದು 91ಕ್ಕೆ ಇಳಿದರೆ ಎದೆ ಧಸಕ್ಕೆನ್ನುತ್ತದೆ. 88 ಆಗಿ ಯಂತ್ರ ಕೂಗಿಕೊಂಡಿತೋ, ಅಪ್ಪ ಬರಿಗಾಲಲ್ಲೇ ನರ್ಸ್ ಕೌಂಟರಿಗೆ ಓಡುತ್ತಾನೆ. ಸಿಸ್ಟರ್ ಬಂದು ನೋಡಿದರೆ, ಮಗು ಕಾಲು ಒದ್ದು ಬೆರಳಿನ ಪ್ರೋಬ್ ಸಡಿಲವಾಗಿದೆ. ಅದನ್ನು ಮತ್ತೆ ಸುತ್ತಿ, ಮೇಲೊಂದು ಕಾಲುಚೀಲ ಹಾಕಿ ಹೋಗುತ್ತಾರೆ. ಅಂಕಿ 95.

ಆ ಕೆಂಪು ಬೆಳಕಿನ ಪಟ್ಟಿಯ ಹಿಂದಿರುವುದು ಜಪಾನಿನ ಎಂಜಿನಿಯರ್ ಟಕುವೊ ಅವೊಯಾಗಿ 1974ರಲ್ಲಿ ಮುಂದಿಟ್ಟ ಯೋಚನೆ. ಬೆರಳಿನೊಳಗೆ ಬೆಳಕು ಹಾಯಿಸಿ, ನಾಡಿ ಮಿಡಿದಂತೆ ಬದಲಾಗುವ ಪಾಲನ್ನಷ್ಟೇ ಲೆಕ್ಕಕ್ಕೆ ಹಿಡಿದರೆ ಸೂಜಿ ಚುಚ್ಚದೆಯೇ ರಕ್ತದ ಆಕ್ಸಿಜನ್ ಮಟ್ಟ ಗೊತ್ತಾಗುತ್ತದೆ. ಕೋವಿಡ್ ಕಾಲದಲ್ಲಿ ಮನೆಮನೆ ಸೇರಿದ ಆಕ್ಸಿಮೀಟರ್ ಇದೇ. ಮಕ್ಕಳ ವಿಷಯದಲ್ಲಿ ಅದಕ್ಕೊಂದು ದೌರ್ಬಲ್ಯವಿದೆ: ಕೈಕಾಲು ಆಡಿಸಿದರೆ, ಬೆರಳು ತಣ್ಣಗಿದ್ದರೆ ಲೆಕ್ಕ ತಪ್ಪುತ್ತದೆ. ಅನುಭವಿ ಸಿಸ್ಟರುಗಳು ಅಲಾರಂ ಕೇಳಿದೊಡನೆ ಮೊದಲು ಮಗುವಿನ ತುಟಿ ಮತ್ತು ಎದೆ ನೋಡುತ್ತಾರೆ, ಆಮೇಲೆ ಅಂಕಿ.

ಎರಡು ವರ್ಷದೊಳಗಿನ ಮಕ್ಕಳನ್ನು ಹೀಗೆ ವಾರ್ಡಿಗೆ ತರುವ ಕಾಯಿಲೆಗಳಲ್ಲಿ ಬ್ರಾಂಕಿಯೋಲೈಟಿಸ್ ಮುಂದಿದೆ. ಶ್ವಾಸಕೋಶದ ತೀರಾ ಸಣ್ಣ ಕೊಳವೆಗಳ ಉರಿಯೂತ. ಬಹುಪಾಲು ಅದರ ಹಿಂದಿರುವುದು ಆರ್‌ಎಸ್‌ವಿ ಎಂಬ ವೈರಸ್. ದೊಡ್ಡವರಿಗೆ ಅದು ಸಾಮಾನ್ಯವಾಗಿ ಬರೀ ನೆಗಡಿ. ಮೂರು ತಿಂಗಳ ಕೂಸಿಗೆ ಹಾಗಲ್ಲ. ಕೊಳವೆಯ ವ್ಯಾಸ ಅರ್ಧಕ್ಕಿಳಿದರೆ ಗಾಳಿಗೆ ಎದುರಾಗುವ ತಡೆ ಸುಮಾರು ಹದಿನಾರು ಪಟ್ಟಾಗುತ್ತದೆ ಎನ್ನುತ್ತದೆ ಭೌತಶಾಸ್ತ್ರ. ಅಪ್ಪನಲ್ಲಿ ಒಂದು ಸೀನಾಗಿ ಮುಗಿಯುವ ಊತ, ಮಗುವಿನಲ್ಲಿ ದಮ್ಮು ಕಟ್ಟಿಸುತ್ತದೆ.

‘ಬರೀ ಶೀತ ಅಂತ ಸುಮ್ಮನಿದ್ವಿ’ ಎಂಬ ಮಾತು ವಾರ್ಡಿನ ಪ್ರತಿ ಮಂಚದ ಪಕ್ಕದಲ್ಲೂ ಕೇಳುತ್ತದೆ. ಅದರಲ್ಲಿ ತಪ್ಪೇನೂ ಇಲ್ಲ, ಶುರುವಾಗುವುದೇ ಶೀತವಾಗಿ. ಎರಡು ಮೂರು ದಿನ ಮೂಗು ಸೋರುತ್ತದೆ, ಆಮೇಲೆ ಕೆಮ್ಮು, ಎದೆಯಲ್ಲಿ ಗೊರಗೊರ. ಮೂರರಿಂದ ಐದನೇ ದಿನಕ್ಕೆ ಕಾಯಿಲೆ ಏರಿನಲ್ಲಿರುತ್ತದೆ. ಬಹಳ ತಾಯಂದಿರಿಗೆ ಮೊದಲು ಗೊತ್ತಾಗುವುದು ಕೆಮ್ಮಿನಿಂದಲ್ಲ, ಹಾಲಿನಿಂದ. ಎಳೆಕೂಸು ಮುಖ್ಯವಾಗಿ ಮೂಗಿನಿಂದಲೇ ಉಸಿರಾಡುತ್ತದೆ. ಮೂಗು ಕಟ್ಟಿ ಏದುಸಿರು ಬಿಡುವಾಗ ಚೀಪಲಾರದೆ ಎರಡು ಗುಟುಕು ಕುಡಿದು ಬಿಟ್ಟುಬಿಡುತ್ತದೆ.

ಡಾಕ್ಟರು ಸ್ಟೆತಸ್ಕೋಪ್ ಇಡುವ ಮೊದಲು ಅಂಗಿ ಎತ್ತಿ, ಗಡಿಯಾರ ನೋಡುತ್ತ ಪೂರ್ತಿ ಒಂದು ನಿಮಿಷ ಸುಮ್ಮನೆ ನಿಂತರೆ ಅದು ಉದಾಸೀನವಲ್ಲ, ಎಣಿಕೆ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಎರಡು ತಿಂಗಳೊಳಗಿನ ಮಗು ನಿಮಿಷಕ್ಕೆ 60 ಅಥವಾ ಹೆಚ್ಚು, ಎರಡರಿಂದ ಹನ್ನೆರಡು ತಿಂಗಳೊಳಗಿನದು 50 ಅಥವಾ ಹೆಚ್ಚು ಸಲ ಉಸಿರಾಡಿದರೆ ಅದು ವೇಗದ ಉಸಿರು. ಜೊತೆಗೆ ಪಕ್ಕೆಯ ಕೆಳಗೆ ಗುಳಿ ಬೀಳುತ್ತದೆಯೇ ಎಂದೂ ನೋಡುತ್ತಾರೆ. ಉಸಿರು ಒಳಗೆಳೆದಾಗ ಎದೆಗೂಡು ಹಿಗ್ಗುವ ಬದಲು ಕೆಳಭಾಗ ಒಳಕ್ಕೆ ಜಗ್ಗಿಕೊಂಡರೆ ಮಗು ಹೆಣಗುತ್ತಿದೆ ಎಂದರ್ಥ.

ಅಡ್ಮಿಟ್ ಆದ ಮೇಲೆ ಹೆತ್ತವರಿಗೆ ಬೇರೆಯೇ ಸಂಕಟ. ಏನೂ ಮಾಡುತ್ತಿಲ್ಲವಲ್ಲ ಎಂದು! ಮೂಗಿಗೆ ಆಕ್ಸಿಜನ್ ನಳಿಕೆ, ಆಗಾಗ ಸಿಂಬಳ ಎಳೆಯುವುದು, ಹೊಟ್ಟೆಗೆ ಹಾಲು ಅಥವಾ ನರಕ್ಕೆ ಡ್ರಿಪ್. ಇಷ್ಟೇ. ಪಕ್ಕದ ಮಂಚದ ಮಗುವಿಗೆ ಇಂಜೆಕ್ಷನ್ ಹಾಕುತ್ತಾರೆ, ನಮ್ಮದಕ್ಕೆ ಯಾಕಿಲ್ಲ ಎಂದು ಅಜ್ಜಿ ಕೇಳುತ್ತಾರೆ. ಪಕ್ಕದ್ದು ಬ್ಯಾಕ್ಟೀರಿಯಾದ ನ್ಯುಮೋನಿಯಾ ಇರಬಹುದು. ಆಂಟಿಬಯೋಟಿಕ್ ಅದಕ್ಕೆ ಬೇಕು, ವೈರಸ್ಸಿಗೆ ನಾಟುವುದಿಲ್ಲ. ನೆಬುಲೈಸರಿನ ಹೊಗೆ ಮಾತ್ರ ದೊಡ್ಡ ಚಿಕಿತ್ಸೆಯಂತೆ ಕಾಣುತ್ತದೆ. ಆದರೆ ಉಬ್ಬಸಕ್ಕೆ ಕೊಡುವ ಸಾಲ್ಬುಟಮಾಲ್‌ನಿಂದ ಬ್ರಾಂಕಿಯೋಲೈಟಿಸ್ ಬೇಗ ಗುಣವಾಗದು ಎಂದು ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2014ರಲ್ಲೇ ಅದನ್ನು ಕೈಬಿಡಲು ಹೇಳಿತು. ಹೀಗೆ ಕಡಿಮೆ ಮಾಡುವುದೇ ಸರಿಯಾದ ಚಿಕಿತ್ಸೆ ಎಂಬುದನ್ನು ಮನೆಯವರಿಗೆ ಬಿಡಿಸಿ ಹೇಳಲು ರೌಂಡ್ಸ್ ಹೊತ್ತಿನಲ್ಲಿ ಎರಡು ನಿಮಿಷ ಸಾಕು. ಆ ಎರಡು ನಿಮಿಷ ಉಳಿಸಲು ಹೋಗಿಯೇ ಎಷ್ಟೋ ಕಡೆ ಬೇಡದ ಇಂಜೆಕ್ಷನ್ ಬರೆಯಲಾಗುತ್ತದೆ.

ಮೂಗಿನಿಂದ ಹೊಟ್ಟೆಗೆ ಸಣ್ಣ ಕೊಳವೆ ಹಾಕುವ ಗಳಿಗೆ ತಾಯಿಗೆ ತೀರಾ ಕಷ್ಟದ್ದು. ‘ಅಷ್ಟು ಸೀರಿಯಸ್ಸಾ?’ ಎಂಬುದೇ ಮೊದಲ ಪ್ರಶ್ನೆ. ನಿಜವಾಗಿ ಅದು ಮಗುವಿಗೆ ವಿಶ್ರಾಂತಿ, ಉಸಿರು ಮತ್ತು ಚೀಪುವುದರ ನಡುವೆ ಆರಿಸಬೇಕಾದ ಗೋಜು ತಪ್ಪುತ್ತದೆ. ತಾಯಿ ಹಾಲು ಹಿಂಡಿ ಬಟ್ಟಲಲ್ಲಿ ಕೊಟ್ಟರೆ ಸಿಸ್ಟರ್ ಅದನ್ನು ಸಿರಿಂಜಿಗೆ ಸುರಿದು, ಸಿರಿಂಜನ್ನು ಎತ್ತಿ ಹಿಡಿದು, ಒತ್ತದೆ, ತಾನಾಗಿಯೇ ಇಳಿಯಲು ಬಿಡುತ್ತಾರೆ. ಮುಂದಿನ ಸರದಿಗೆ ಆ ಸಿರಿಂಜ್ ಎತ್ತಿ ಹಿಡಿಯುವವರು ಹೆಚ್ಚಾಗಿ ಅಪ್ಪಂದಿರು. ಬಿಲ್ಲು ಕಟ್ಟುವುದು, ಔಷಧಿ ಅಂಗಡಿಗೆ ಓಡುವುದು ಬಿಟ್ಟರೆ ವಾರ್ಡಿನಲ್ಲಿ ಅವರಿಗೆ ಸಿಗುವ ಮೊದಲ ಕೆಲಸವೇ ಅದು.

ಬರೀ ಆಕ್ಸಿಜನ್ ಸಾಲದೆ ಹೋದಾಗ ಒತ್ತಡದಲ್ಲಿ ಗಾಳಿ ಕೊಡಬೇಕಾಗುತ್ತದೆ. ಇಲ್ಲಿ ಬಾಂಗ್ಲಾದೇಶದ ವೈದ್ಯ ಮೊಹಮ್ಮದ್ ಜೊಬಾಯರ್ ಚಿಷ್ಟಿಯವರನ್ನು ನೆನೆಯಬೇಕು. 1996ರಲ್ಲಿ ಸಿಲ್ಹೆಟ್‌ನಲ್ಲಿ ತರಬೇತಿಯಲ್ಲಿದ್ದಾಗ ಒಂದೇ ರಾತ್ರಿ ಮೂರು ಮಕ್ಕಳು ನ್ಯುಮೋನಿಯಾಕ್ಕೆ ಬಲಿಯಾದುದನ್ನು ಕಂಡವರು. ವೆಂಟಿಲೇಟರ್ ಕೊಳ್ಳಲಾಗದ ಆಸ್ಪತ್ರೆಗಳಿಗೆ ಮುಂದೆ ಅವರು ಕಂಡುಕೊಂಡ ದಾರಿ ಖಾಲಿ ಶಾಂಪೂ ಬಾಟಲಿ. ಅದರಲ್ಲಿ ನೀರು ತುಂಬಿ, ಮಗು ಬಿಟ್ಟ ಉಸಿರು ಕೊಳವೆಯಲ್ಲಿ ಬಂದು ಆ ನೀರಿನಲ್ಲಿ ಗುಳ್ಳೆಯೇಳುವಂತೆ ಮಾಡಿದರು. ನೀರಿನ ಆಳದಷ್ಟು ಒತ್ತಡ ಮಗುವಿನ ಎದೆಯಲ್ಲಿ ಉಳಿದು ಶ್ವಾಸಕೋಶ ಮುದುಡುವುದಿಲ್ಲ. ಢಾಕಾದಲ್ಲಿ ನಡೆದ ಪ್ರಯೋಗದ ಫಲಿತಾಂಶ 2015ರಲ್ಲಿ ‘ಲ್ಯಾನ್ಸೆಟ್’ನಲ್ಲಿ ಬಂತು: ಮಾಮೂಲಿ ಆಕ್ಸಿಜನ್ ಪಡೆದವರಿಗಿಂತ ಗುಳ್ಳೆ ಬಾಟಲಿಯ ಮಕ್ಕಳಲ್ಲಿ ಸಾವು ಕಡಿಮೆ.

ಇಂಥ ಅಗ್ಗದ ಉಪಾಯ ಏಕೆ ಮುಖ್ಯ ಎಂಬುದಕ್ಕೆ ಲೆಕ್ಕವಿದೆ. 2019ರಲ್ಲಿ ಜಗತ್ತಿನಾದ್ಯಂತ ಐದು ವರ್ಷದೊಳಗಿನ ಸುಮಾರು 36 ಲಕ್ಷ ಮಕ್ಕಳು ಆರ್‌ಎಸ್‌ವಿಯಿಂದ ಆಸ್ಪತ್ರೆ ಸೇರಿದರು, ಒಂದು ಲಕ್ಷಕ್ಕೂ ಹೆಚ್ಚು ಸಾವುಗಳಾದವು ಎಂದು ಅಂದಾಜು. ಸಾವಿನಲ್ಲಿ ಶೇಕಡಾ 97ಕ್ಕೂ ಹೆಚ್ಚು ಕೆಳ ಮತ್ತು ಮಧ್ಯಮ ಆದಾಯದ ದೇಶಗಳದ್ದು. ಹೊತ್ತಿಗೆ ಸರಿಯಾಗಿ ಆಕ್ಸಿಜನ್ ಸಿಕ್ಕ ಮಕ್ಕಳಲ್ಲಿ ಬಹುತೇಕರು ವಾರದೊಳಗೆ ಮನೆಗೆ ಹೋಗುತ್ತಾರೆ.

ಲಸಿಕೆಗಾಗಿ ವಿಜ್ಞಾನ ಬಹಳ ಕಾಲ ಕಾಯಬೇಕಾಯಿತು. 1956ರಲ್ಲಿ ಈ ವೈರಸ್ ಮೊದಲು ಸಿಕ್ಕಿದ್ದು ನೆಗಡಿಯಾದ ಚಿಂಪಾಂಜಿಗಳಲ್ಲಿ. ಹತ್ತೇ ವರ್ಷಕ್ಕೆ ಅಮೆರಿಕದಲ್ಲಿ ಲಸಿಕೆಯ ಪ್ರಯೋಗವೂ ನಡೆಯಿತು, ಆದರೆ ಫಲ ಉಲ್ಟಾ ಹೊಡೆಯಿತು: ಲಸಿಕೆ ಪಡೆದ ಮಕ್ಕಳಿಗೇ ಕಾಯಿಲೆ ಜೋರಾಗಿ, ಇಬ್ಬರು ತೀರಿಕೊಂಡರು. ಆ ಹೆದರಿಕೆಯಿಂದ ಸಂಶೋಧನೆ ದಶಕಗಟ್ಟಲೆ ಹಿಂದೆ ಬಿತ್ತು. ವೈರಸ್ಸಿನ ಎಫ್ ಪ್ರೋಟೀನಿನ ಅಸಲಿ ಆಕಾರ 2013ರಲ್ಲಿ ಬಯಲಾದ ಮೇಲೆ ದಾರಿ ತೆರೆಯಿತು. ಈಗ ಗರ್ಭಿಣಿಗೆ ಕೊಡುವ ಲಸಿಕೆಯಿದೆ, ಮಗುವಿಗೇ ನೇರವಾಗಿ ಕೊಡುವ ನಿರ್ಸೆವಿಮ್ಯಾಬ್ ಎಂಬ ಪ್ರತಿಕಾಯವಿದೆ. ಎರಡರಲ್ಲಿ ಒಂದನ್ನಾದರೂ ಎಲ್ಲ ದೇಶಗಳೂ ಕೊಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2025ರಲ್ಲಿ ಶಿಫಾರಸು ಮಾಡಿತು. ಬೆಲೆ ಮಾತ್ರ ಇನ್ನೂ ಹಳ್ಳಿಯ ಬಾಣಂತಿಗೆ ಎಟುಕುವಂಥದ್ದಲ್ಲ. ಆದರೆ ಬ್ಯಾಕ್ಟೀರಿಯಾದ ನ್ಯುಮೋನಿಯಾ ತಡೆಯುವ ನ್ಯುಮೋಕಾಕಲ್ ಲಸಿಕೆ ಆರು ವಾರ, ಹದಿನಾಲ್ಕು ವಾರ ಮತ್ತು ಒಂಬತ್ತು ತಿಂಗಳಿಗೆ ಭಾರತದ ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತ.

ಡಿಸ್ಚಾರ್ಜ್ ಆದ ಮೇಲೂ ಕೆಮ್ಮು ಎರಡು ಮೂರು ವಾರ ಎಳೆಯುತ್ತದೆ. ಈ ಹೊತ್ತಿಗೆ ಮನೆಯ ಹಿರಿಯರದ್ದೊಂದು ಮನೆಮದ್ದಿನ ಪಟ್ಟಿ ಸಿದ್ಧವಿರುತ್ತದೆ. ಸ್ನಾನದ ನಂತರದ ಸಾಂಬ್ರಾಣಿ ಹೊಗೆ ಬೇಡವೇ ಬೇಡ. ಊದಿಕೊಂಡ ಕೊಳವೆಗಳನ್ನು ಅದು ಇನ್ನಷ್ಟು ಕೆರಳಿಸುತ್ತದೆ. ಮೂಗಿಗೆ ಎಣ್ಣೆ ಬಿಡುವುದಂತೂ ಅಪಾಯ, ಎಣ್ಣೆ ಶ್ವಾಸಕೋಶಕ್ಕಿಳಿದರೆ ಅದೇ ಬೇರೆ ನ್ಯುಮೋನಿಯಾ. ಉಪ್ಪುನೀರಿನ ಡ್ರಾಪ್ಸ್ ಸಾಕು. ಉಸಿರು ಮತ್ತೆ ವೇಗವಾದರೆ, ಮಗು ಮಾಮೂಲಿನ ಅರ್ಧದಷ್ಟೂ ಹಾಲು ಕುಡಿಯದಿದ್ದರೆ, ತುಟಿ ನೀಲಿಗಟ್ಟಿದರೆ ಬೆಳಗಾಗಲಿ ಎಂದು ಕಾಯದೆ ಹೊರಡಬೇಕು. ಇನ್ನುಳಿದದ್ದು ಕೂಸನ್ನು ಮುದ್ದಿಸಲು ಬಾಗಿಲಲ್ಲೇ ಕಾದಿರುವ, ಸ್ಕೂಲಿಗೆ ಹೋಗುವ ಅಕ್ಕನ ಸಂಗತಿ. ವೈರಸ್ಸನ್ನು ಮನೆಗೆ ತರುವವರಲ್ಲಿ ಇಂಥ ಅಣ್ಣ-ಅಕ್ಕಂದಿರದ್ದೇ ಮೇಲುಗೈ, ಒಮ್ಮೆ ಬಂದು ಹೋದ ಆರ್‌ಎಸ್‌ವಿ ಮತ್ತೆ ಬರಲಾರದು ಎಂದೇನಿಲ್ಲ. ಅವಳು ಸೋಪು ಹಚ್ಚಿ ಕೈ ತೊಳೆದು ಬರಲಿ.