ಗೆದ್ದ ಮೇಲೆ ವಕೀಲರಿಗೆ ಏನು ಕೊಡಬೇಕು?

ಯಲ್ಲಾಪುರ, ಶಿರಸಿ, ಸಿದ್ದಾಪುರದ ಕಡೆ ದಾವೆ ಗೆದ್ದವರು ವಕೀಲರ ಮನೆಗೆ ಬರಿಗೈಯಲ್ಲಿ ಹೋಗುವುದು ಕಡಿಮೆ. ಆಲೆಮನೆಯ ಕಾಲವಾದರೆ ಜೋನಿಬೆಲ್ಲದ ಡಬ್ಬಿ, ಬೇಸಿಗೆಯಾದರೆ ಹಲಸಿನ ಹಪ್ಪಳದ ಕಟ್ಟು ಇಲ್ಲವೇ ಅಪ್ಪೆಮಿಡಿ ಉಪ್ಪಿನಕಾಯಿ, ಎಲ್ಲ ಕಾಲಕ್ಕೂ ಜೇನುತುಪ್ಪ. 'ನಮ್ಮನೆದೇ ತುಪ್ಪ, ಬ್ಯಾಡ ಹೇಳಡಿ' ಎಂದು ಬಾಟಲಿಯನ್ನು ಮೇಜಿನ ಮೇಲಿಟ್ಟು, ಕೇಸಿನ ಕಥೆಯನ್ನು ಮೊದಲಿಂದ ಕೊನೆವರೆಗೆ ವಕೀಲರಿಗೇ ಇನ್ನೊಮ್ಮೆ ಹೇಳಿ ಎದ್ದು ಬಂದರೆ ಕಕ್ಷಿದಾರನಿಗೆ ಸಮಾಧಾನ. ಪಾಲಿನ ದಾವೆಯೋ, ತೋಟದ ಗಡಿ ತಂಟೆಯೋ, ಸೊಪ್ಪಿನ ಬೆಟ್ಟದ ತಕರಾರೋ ವರ್ಷಗಟ್ಟಲೆ ಎಳೆದು ಮುಗಿದಾಗ ಆಗುವ ಹಗುರ ಅಂಥದ್ದು. ಕೋರ್ಟಿನಲ್ಲಿ ಗೆದ್ದವ ಸೋತ, ಸೋತವ ಸತ್ತ ಎಂಬ ಗಾದೆ ಗೊತ್ತಿದ್ದೂ ಮೆಟ್ಟಿಲು ಹತ್ತಿದವರಿಗೆ ಗೆಲುವಿನ ಬೆಲೆ ಇನ್ನೂ ಚೆನ್ನಾಗಿ ಗೊತ್ತಿರುತ್ತದೆ.

ಜೇನುತುಪ್ಪಕ್ಕೆ ಯಾರ ತಕರಾರೂ ಇಲ್ಲ. ಪ್ರಶ್ನೆ ಏಳುವುದು ಕೃತಜ್ಞತೆ ದುಡ್ಡಿನ ರೂಪ ತಾಳಿದಾಗ.

ಇದು ಬಹಳ ಹಳೆಯ ಪ್ರಶ್ನೆ. ಕ್ರಿಸ್ತಪೂರ್ವ 204ರಲ್ಲೇ ರೋಮಿನಲ್ಲಿ, ವಾದ ಮಾಡಿದವರು ಕಕ್ಷಿದಾರರಿಂದ ಹಣವನ್ನಾಗಲಿ ಉಡುಗೊರೆಯನ್ನಾಗಲಿ ಪಡೆಯಬಾರದು ಎಂದು ಕಾನೂನು ಬಂತು. ಅದನ್ನು ಪಾಲಿಸಿದವರು ಕಡಿಮೆ. ಕೊನೆಗೆ ಕ್ರಿಸ್ತಶಕ 47ರಲ್ಲಿ ಚಕ್ರವರ್ತಿ ಕ್ಲಾಡಿಯಸ್ 10,000 ಸೆಸ್ಟರ್ಸ್ ನಾಣ್ಯಗಳ ಮಿತಿ ಹಾಕಿ ಕೈತೊಳೆದುಕೊಂಡ.

ನಮ್ಮಲ್ಲಿ ಫೀ ಪಡೆಯುವುದು ವಕೀಲರ ಹಕ್ಕು. ಆದರೆ 1961ರ ವಕೀಲರ ಕಾಯ್ದೆಯಡಿ ಭಾರತೀಯ ವಕೀಲರ ಪರಿಷತ್ತು ಮಾಡಿರುವ ನಡತೆ ನಿಯಮಗಳಲ್ಲಿ 20ನೆಯದು ಒಂದು ಗೆರೆ ಎಳೆಯುತ್ತದೆ: ಕೇಸಿನ ಫಲಿತಾಂಶ ನೋಡಿ ಫೀ ಎಂದು ಕರಾರು ಮಾಡಿಕೊಳ್ಳಬಾರದು, ಬಂದ ಹಣದಲ್ಲಿ ಪಾಲು ಕೇಳಬಾರದು. ಅಮೆರಿಕದಲ್ಲಿ ಅಪಘಾತದ ಪರಿಹಾರದಲ್ಲಿ ಇಂತಿಷ್ಟು ಪಾಲು ಎಂದು ಬರೆಸಿಕೊಂಡೇ ವಕೀಲರು ಕೇಸು ಹಿಡಿಯುತ್ತಾರೆ. ಇಲ್ಲಿ ಅದು ವೃತ್ತಿದ್ರೋಹ. ಅರಬೈಲ್ ಘಟ್ಟದಂಥ ತಿರುವುಗಳಲ್ಲಿ ಅಪಘಾತವಾಗಿ ಪರಿಹಾರಕ್ಕೆ ಅಲೆಯುವ ಕುಟುಂಬಗಳು ಇದನ್ನು ತಿಳಿದಿರಬೇಕು. ಗಂಡನನ್ನು ಅಪಘಾತದಲ್ಲಿ ಕಳೆದುಕೊಂಡ ತೆಲಂಗಾಣದ ಮಹಿಳೆಯೊಬ್ಬರ ಮೇಲೆ ಅವರ ವಕೀಲರೇ ಚೆಕ್ ಬೌನ್ಸ್ ದೂರು ಹಾಕಿದ್ದರು. ಪರಿಹಾರದ ಮೊತ್ತದಲ್ಲಿ ಶೇಕಡಾವಾರು ಫೀ ಎಂದು ಪಡೆದಿದ್ದ ಚೆಕ್ ಅದು. ಸುಪ್ರೀಂ ಕೋರ್ಟ್ 2017ರ ಡಿಸೆಂಬರಿನಲ್ಲಿ ಆ ದೂರನ್ನೇ ವಜಾ ಮಾಡಿ, ಇಂಥ ಫೀ ಕಾನೂನಿಗೆ ವಿರುದ್ಧ ಎಂದಿತು. 'ಗೆದ್ದರೆ ಇಷ್ಟು ಕೊಡ್ತೆ' ಎಂದು ಖುಷಿಯಿಂದ ಮಾತು ಕೊಡುವವರೂ ವಕೀಲರನ್ನು ಅದೇ ತೊಡಕಿಗೆ ನೂಕುತ್ತಾರೆ.

ಅಷ್ಟಕ್ಕೂ ಗೆಲುವನ್ನು ಅಳತೆಗೋಲು ಮಾಡಿಕೊಂಡರೆ ವಕೀಲರ ದುಡಿಮೆ ಅಳೆಯಲಾಗದು. ಇದಕ್ಕೆ ಶಿರಸಿಗಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ. 1923ರಲ್ಲಿ ಹುಟ್ಟಿದ ತೋಟಗಾರ್ಸ್ ಕೋ-ಆಪರೇಟಿವ್ ಸೇಲ್ ಸೊಸೈಟಿಯ ಹೆಸರು ಅಡಿಕೆ ಬೆಳೆಗಾರರಿಗೆ ಎಷ್ಟು ಪರಿಚಿತವೋ ದೇಶದ ಆದಾಯ ತೆರಿಗೆ ವಕೀಲರಿಗೂ ಅಷ್ಟೇ ಪರಿಚಿತ. ಸಹಕಾರಿ ಸಂಘದ ಹೆಚ್ಚುವರಿ ಹಣಕ್ಕೆ ಬಂದ ಬಡ್ಡಿಯ ಮೇಲೆ ತೆರಿಗೆ ಉಂಟೋ ಇಲ್ಲವೋ ಎಂಬ ಅದರ ಮೊಕದ್ದಮೆ ಸುಪ್ರೀಂ ಕೋರ್ಟಿಗೆ ಹೋಗಿ, 2010ರ ಫೆಬ್ರುವರಿ 8ರಂದು ಸಂಘ ಸೋತಿತು. ಸಹಕಾರಿ ಬ್ಯಾಂಕಿನಿಂದ ಬಂದ ಬಡ್ಡಿಗೆ ಬೇರೆ ಕಲಮಿನಡಿ ವಿನಾಯಿತಿ ಇದೆ ಎಂಬ ವಾದವನ್ನು 2017ರ ಜನವರಿಯಲ್ಲಿ ಕರ್ನಾಟಕ ಹೈಕೋರ್ಟ್ ಒಪ್ಪಿತು, ಸಂಘ ಗೆದ್ದಿತು. ಅದೇ ವರ್ಷ ಜೂನ್‌ನಲ್ಲಿ ಅದೇ ಹೈಕೋರ್ಟಿನ ಇನ್ನೊಂದು ಪೀಠ ಅದೇ ಸಂಘಕ್ಕೆ ವಿರುದ್ಧವಾಗಿ ತೀರ್ಪಿತ್ತಿತು. ಸಂಘವೂ ಒಂದೇ, ಕೋರ್ಟೂ ಒಂದೇ, ನಡುವೆ ಒಂದು ಮಳೆಗಾಲವೂ ಕಳೆದಿರಲಿಲ್ಲ. ಜನವರಿಯಲ್ಲಿ ಶಾಲು ಹೊದಿಸಿ, ಜೂನ್‌ನಲ್ಲಿ ಮುಖ ತಿರುಗಿಸುವುದು ನ್ಯಾಯವೇ?

ಕಾಸರಗೋಡಿನ ಎಡನೀರು ಮಠದ ಕೇಶವಾನಂದ ಭಾರತೀ ಸ್ವಾಮೀಜಿಯವರ ಕಥೆ ಇನ್ನೂ ವಿಚಿತ್ರ. ಮಠದ ಭೂಮಿ ಉಳಿಸಿಕೊಳ್ಳಲು 1970ರಲ್ಲಿ ಹೂಡಿದ ಮೊಕದ್ದಮೆ 13 ನ್ಯಾಯಮೂರ್ತಿಗಳ ಮುಂದೆ 68 ದಿನ ನಡೆದು, 1973ರ ಏಪ್ರಿಲ್ 24ರಂದು 7-6ರ ತೀರ್ಪು ಬಂತು. ಸಂವಿಧಾನದ ಮೂಲ ಸ್ವರೂಪವನ್ನು ಸಂಸತ್ತೂ ಮುಟ್ಟುವಂತಿಲ್ಲ ಎಂಬ ತತ್ತ್ವ ದೇಶಕ್ಕೆ ಸಿಕ್ಕಿತು. ಮಠಕ್ಕೆ ಭೂಮಿ ಸಿಗಲಿಲ್ಲ. ವಾದಿಸಿದ ನಾನಿ ಪಾಲ್ಖಿವಾಲಾ ಮತ್ತು ಸ್ವಾಮೀಜಿ ಎದುರುಬದುರು ಭೇಟಿಯೇ ಆಗಿರಲಿಲ್ಲ ಎಂದು ಸ್ವಾಮೀಜಿಯವರು 2020ರಲ್ಲಿ ತೀರಿಕೊಂಡಾಗ ಪತ್ರಿಕೆಗಳು ಬರೆದವು. ಭೇಟಿಯಾಗಿದ್ದರೆ ಯಕ್ಷಗಾನಪ್ರಿಯ ಸ್ವಾಮೀಜಿಯವರು ಫಲಮಂತ್ರಾಕ್ಷತೆಯ ಜೊತೆ ಒಂದು ಪ್ರಸಂಗವನ್ನೂ ತೋರಿಸಿ ಕಳಿಸುತ್ತಿದ್ದರೋ ಏನೋ.

ಉಡುಗೊರೆ ದೊಡ್ಡದಾದಾಗ ಏನು ಮಾಡಬೇಕೆಂದು ಒಬ್ಬ ವಕೀಲರು ದಾರಿ ತೋರಿಸಿದ್ದಾರೆ. 1901ರಲ್ಲಿ ದಕ್ಷಿಣ ಆಫ್ರಿಕಾದ ನಟಾಲ್ ಬಿಟ್ಟು ಹೊರಟ ಗಾಂಧೀಜಿಗೆ ಅಲ್ಲಿನ ಭಾರತೀಯರು ಚಿನ್ನ, ಬೆಳ್ಳಿ, ವಜ್ರದ ವಸ್ತುಗಳನ್ನು ಕೊಟ್ಟರು. ಕೊಟ್ಟವರಲ್ಲಿ ಅವರ ಕಕ್ಷಿದಾರರೂ ಇದ್ದರು. ಕಸ್ತೂರಬಾಗೆಂದು ಕೊಟ್ಟ ಹಾರವೇ 50 ಗಿನಿ ಬೆಲೆಯದು. ರಾತ್ರಿಯಿಡೀ ನಿದ್ದೆಗೆಟ್ಟ ಗಾಂಧೀಜಿ ಎಲ್ಲವನ್ನೂ ಸಮುದಾಯದ ಟ್ರಸ್ಟಿಗೆ ಬರೆದುಕೊಟ್ಟರು. ಕಸ್ತೂರಬಾ ಸುಲಭಕ್ಕೆ ಒಪ್ಪಲಿಲ್ಲ ಎಂಬುದನ್ನೂ ಅವರೇ ಆತ್ಮಕಥೆಯಲ್ಲಿ ದಾಖಲಿಸಿದ್ದಾರೆ.

ಇತ್ತೀಚೆಗೆ ಕೃತಜ್ಞತೆ ಫ್ಲೆಕ್ಸ್ ಹತ್ತಿದೆ. ವಕೀಲರ ಫೋಟೊ, ಕೆಳಗೆ 'ಜಯ ತಂದುಕೊಟ್ಟ' ಎಂಬ ಸಾಲು, ವಾಟ್ಸಾಪಿನಲ್ಲೂ ಅದೇ. ಕೊಡುವವರ ಪ್ರೀತಿ ನಿಜವೇ ಇರಬಹುದು, ಪಡೆದವರಿಗೆ ಮಾತ್ರ ಇದರಿಂದ ಪೀಕಲಾಟ. ನಡತೆ ನಿಯಮಗಳಲ್ಲಿ 36ನೆಯದು ಜಾಹೀರಾತನ್ನು ನಿಷೇಧಿಸಿದೆ. ತಾವು ನಡೆಸಿದ ಕೇಸಿನ ಸಂಬಂಧ ವಕೀಲರು ಪತ್ರಿಕೆಗೆ ಫೋಟೊ ಕೊಡುವುದೂ ಅದರ ವ್ಯಾಪ್ತಿಯಲ್ಲಿದೆ. ಅಂತರ್ಜಾಲದಲ್ಲಿ ವಕೀಲರಿಗೆ ನಕ್ಷತ್ರ ಕೊಟ್ಟು ಅಂಕ ಹಾಕುವ ಪದ್ಧತಿಯನ್ನು ಮದ್ರಾಸ್ ಹೈಕೋರ್ಟ್ 2024ರ ಜುಲೈನಲ್ಲಿ ಖಂಡಿಸಿತು. ನೆಂಟರಿಗೆ, ನೆರೆಯವರಿಗೆ 'ಅವರ ಹತ್ತಿರ ಹೋಗಿ, ಕೆಲಸ ಚಲೋ ಮಾಡ್ತ್ರು' ಎಂದು ಬಾಯಿಮಾತಿನಲ್ಲಿ ಹೇಳುವುದಕ್ಕೆ ಯಾವ ನಿಯಮವೂ ಅಡ್ಡ ಬರುವುದಿಲ್ಲ. ಮಲೆನಾಡಿನ ವಕೀಲರ ಕಚೇರಿಗಳು ತುಂಬುವುದೂ ಇಂಥ ಮಾತಿನಿಂದಲೇ.

ಉಚಿತ ಕಾನೂನು ನೆರವು ಪಡೆದವರದು ಬೇರೆ ಲೆಕ್ಕ. 1987ರ ಕಾಯ್ದೆಯಂತೆ ಮಹಿಳೆಯರಿಗೆ, ಪರಿಶಿಷ್ಟ ಜಾತಿ-ಪಂಗಡದವರಿಗೆ ವಕೀಲರನ್ನು ಕಾನೂನು ಸೇವಾ ಸಮಿತಿಯೇ ಒದಗಿಸುತ್ತದೆ. 2003ರಲ್ಲಿ ಪರಿಶಿಷ್ಟ ಪಂಗಡಕ್ಕೆ ಸೇರಿದ ಯಲ್ಲಾಪುರದ ಸಿದ್ದಿ ಕುಟುಂಬಗಳಿಗೂ ಈ ಹಕ್ಕಿದೆ. ಈ ಪ್ಯಾನೆಲ್ ವಕೀಲರು ಕಕ್ಷಿದಾರರಿಂದ ಫೀಯನ್ನಾಗಲಿ, ಬೆಲೆಬಾಳುವ ಇನ್ನೇನನ್ನಾಗಲಿ ಪಡೆಯುವಂತಿಲ್ಲ. ಅವರನ್ನು ಮೆಚ್ಚಬೇಕೆಂದರೆ ತಾಲೂಕು ಕಾನೂನು ಸೇವಾ ಸಮಿತಿಗೆ ಒಂದು ಪತ್ರ ಬರೆಯಬಹುದು. ದೂರಿನ ಪತ್ರಗಳನ್ನಷ್ಟೇ ಕಂಡ ಕಚೇರಿಗೆ ಅದು ಅಪರೂಪದ ವಸ್ತು.

ಗೆಲುವಿನ ದಿನ ಸಂತೋಷ ಉಕ್ಕಿ ಜೇಬಿಗೆ ಕೈಹಾಕುವವರು ಇನ್ನೊಂದು ವ್ಯತ್ಯಾಸ ಗಮನಿಸಬೇಕು. ವಕೀಲರ ಗುಮಾಸ್ತ ಖಾಸಗಿ ನೌಕರ. ವಾಯಿದೆಯ ದಿನ ನೆನಪಿಸಿ ಫೋನು ಮಾಡಿದ, ಕಾಗದ ಹುಡುಕಿಕೊಟ್ಟ ಆತನನ್ನು ಮರೆಯದಿದ್ದರೆ ಒಳ್ಳೆಯದು. ಕೋರ್ಟಿನ ಸಿಬ್ಬಂದಿ ಸರ್ಕಾರಿ ನೌಕರರು. ಅವರಿಗೆ 'ಚಾ ಕುಡೀರಿ' ಎಂದು ನೋಟು ಚಾಚಿದರೆ ಅದು ಲಂಚಕ್ಕೆ ಹಾದಿ. ಭ್ರಷ್ಟಾಚಾರ ತಡೆ ಕಾಯ್ದೆಯ 2018ರ ತಿದ್ದುಪಡಿಯ ನಂತರ ಲಂಚ ಕೊಟ್ಟವರೂ ನೇರ ಅಪರಾಧಿಗಳು. ನ್ಯಾಯಾಧೀಶರ ಮನೆಗಂತೂ ಹಪ್ಪಳದ ಕಟ್ಟೂ ಹೋಗಕೂಡದು.

ಇಷ್ಟೆಲ್ಲದರ ನಡುವೆ ವಕೀಲರು ನಿಜವಾಗಿ ಬಯಸುವುದು ಬಾಕಿ ಫೀಯನ್ನು. ಫೀ ಬಾಕಿ ಇದೆ ಎಂದು ಕಕ್ಷಿದಾರರ ಕಡತ ಹಿಡಿದಿಟ್ಟುಕೊಳ್ಳುವ ಹಕ್ಕು ವಕೀಲರಿಗಿಲ್ಲ ಎಂದು ಸುಪ್ರೀಂ ಕೋರ್ಟ್ 2000ದಲ್ಲೇ ಹೇಳಿರುವುದರಿಂದ, ಅವರ ಕೈಯಲ್ಲಿ ಒತ್ತೆಗೆ ಏನೂ ಇಲ್ಲ. ಫೀ ಉಳಿಸಿಕೊಂಡು ಹಾರ ಹಾಕುವ ಬದಲು ಲೆಕ್ಕ ಚುಕ್ತಾ ಮಾಡಿ, ರಸೀದಿ ಪಡೆದು, ಆಮೇಲೆ ಜೋನಿಬೆಲ್ಲ ಕೊಡಿ. ಸಿಹಿ ಹಂಚುವ ದಿನವೇ ತೀರ್ಪಿನ ದೃಢೀಕೃತ ನಕಲಿಗೂ ಅರ್ಜಿ ಹಾಕಿಸಿ. ಸೋತವರಿಗೆ ಜಿಲ್ಲಾ ನ್ಯಾಯಾಲಯದಲ್ಲಿ ಮೇಲ್ಮನವಿ ಸಲ್ಲಿಸಲು 30 ದಿನ, ಹೈಕೋರ್ಟಿನಲ್ಲಾದರೆ 90 ದಿನ ಅವಕಾಶವಿರುತ್ತದೆ. ನಿಮಗೆ ತಿಳಿಯದಂತೆ ತಡೆಯಾಜ್ಞೆ ಬರಬಾರದೆಂದರೆ ಕೇವಿಯಟ್ ಹಾಕಬೇಕು. ಅದರ ಆಯುಷ್ಯವೂ 90 ದಿನ.